ನೋಟಿಸು ಅಂಟಿಸಿಕೊಂಡ ಬಾಗಿಲು

ನಮ್ಮ ಬಡಾವಣೆಯ ನಕ್ಷೆಗೆ ಸಹಿ ಹಾಕಿದ ಮಾನ್ಯ ವಸತಿ ಅಧಿಕಾರಿಗಳೇ,

ನಮ್ಮ ಮನೆಯ ಹಿಂಬಾಗಿಲನ್ನು ಈ ತಿಂಗಳ ಕೊನೆಯೊಳಗೆ ಇಟ್ಟಿಗೆ ಕಟ್ಟಿ ಮುಚ್ಚಬೇಕು, ತಪ್ಪಿದಲ್ಲಿ ಮನೆಯ ಹಂಚಿಕೆಯೇ ರದ್ದಾಗುತ್ತದೆ ಎಂಬ ತಮ್ಮ ನೋಟಿಸು ತಲುಪಿದೆ. ತಲುಪಿದೆ ಎನ್ನುವುದಕ್ಕಿಂತ ಅಂಟಿದೆ ಎನ್ನಬೇಕು. ಅಂಟಿರುವುದು ಮುಚ್ಚಬೇಕಾದ ಆ ಹಿಂಬಾಗಿಲಿನ ಮೇಲೆಯೇ. ತಮ್ಮ ಸಿಬ್ಬಂದಿ ಅದನ್ನು ಮುಂಬಾಗಿಲಿಗೆ ಅಂಟಿಸಲೆಂದೇ ಬಂದಿದ್ದರು, ನಿಯಮ ಹಾಗಿದೆಯಂತೆ. ಪಾಪ, ಮುಂಬಾಗಿಲು ಹುಡುಕಿಕೊಂಡು ಹೋಗಿ, ಬೇಲಿಯ ಮುಳ್ಳಿಗೆ ಅಂಗಿಯ ತೋಳು ಹರಿದುಕೊಂಡು, ವಾಪಸು ಬಂದು ಹಿಂದಿನಿಂದ ಕೂಗಿದರು: "ಅಮ್ಮಾ, ಒಂಚೂರು ಅನ್ನ ಇದ್ರೆ ಕೊಡಿ." ಅಂಟಿಸಲು ಕೇಳುತ್ತಿದ್ದಾರೆ ಎಂಬುದು ನನ್ನ ಹೆಂಡತಿ ಚಾಮುಂಡಮ್ಮನಿಗೆ ಹೇಗೆ ಗೊತ್ತಾಗಬೇಕು? ಹೊತ್ತು ಮಧ್ಯಾಹ್ನ, ಬಂದವರು ಬೆವೆತಿದ್ದಾರೆ. ಒಳಗೆ ಕರೆದು ಎಲೆ ಹಾಕಿ ಹುರುಳಿ ಸಾರು ಬಡಿಸಿದಳು. ಅವರು ನಾಚಿಕೊಂಡೇ ಉಂಡರು. ಕೊನೆಯ ತುತ್ತಿನಿಂದ ನೋಟಿಸು ಅಂಟಿಸಿದರು. ತಮ್ಮ ಸಹಿಯ ಪಕ್ಕದಲ್ಲಿ ಸಾರಿನ ಕಲೆ ಇರುವುದು ಆ ಕಾರಣದಿಂದ, ಕಚೇರಿಗೆ ಅಗೌರವ ತೋರಿಸುವ ಉದ್ದೇಶ ನಮ್ಮದಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಬಿಳಿಗಿರಿ. ಕೊಳ್ಳೇಗಾಲದಿಂದ ಹನೂರು ಮಾರ್ಗವಾಗಿ ರಾಮಾಪುರಕ್ಕೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಇನ್ನೊಬ್ಬರ ಬೀಗದ ಒಳಗೆ, ಸಂಸಾರದ ಮುಕ್ಕಾಲು ಭಾಗ ಕಳೆದವನು. ಮಧುವನಹಳ್ಳಿ ರಸ್ತೆಯ ಕಡೆ ಕಡಿಮೆ ವರಮಾನದವರಿಗೆಂದು ತಮ್ಮ ಕಚೇರಿ ಕಟ್ಟಿಸಿದ ಸಾಲು ಮನೆಗಳಲ್ಲಿ ಒಂದು, ಚೀಟಿ ಎತ್ತಿದಾಗ, ನನಗೆ ಬಂತು. ಬಂದ ದಿನ ಚಾಮುಂಡಮ್ಮ ಬೀಗದ ಕೈಯನ್ನು ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದಳು. ಆ ಸಂತೋಷಕ್ಕೆ ತಮಗೆ ಈಗಲೂ ಕೃತಜ್ಞತೆ ಇದೆ. ನಾನು ಜಗಳಗಂಟನಲ್ಲ ಎಂಬುದಕ್ಕೆ ಈ ಮಾತು ಸಾಕ್ಷಿಯಾಗಿರಲಿ.

ತಮ್ಮ ನಕ್ಷೆಯಲ್ಲಿ ನಮ್ಮ ಮನೆಗಳ ಮುಂದೆ ಮೂವತ್ತು ಅಡಿ ಅಗಲದ ರಸ್ತೆ ಇದೆ. ಬಹಳ ಚೆನ್ನಾಗಿದೆ. ಎರಡು ಬಸ್ಸು ಎದುರುಬದುರು ಸರಾಗವಾಗಿ ಹೋಗಬಹುದು, ಈ ವಿಷಯದಲ್ಲಿ ನನ್ನ ಮಾತು ನಂಬಬಹುದು. ಆದರೆ ನೆಲದ ಮೇಲೆ ಅದೇ ಜಾಗದಲ್ಲಿ ಗುರುಮಲ್ಲಪ್ಪನವರ ಹಿಪ್ಪುನೇರಳೆ ತೋಟ ಇದೆ. ತೋಟಕ್ಕೆ ಆಡು ನುಗ್ಗದಂತೆ ಮುಳ್ಳುಬೇಲಿ ಇದೆ. ಬೇಲಿಗೂ ನಮ್ಮ ಮುಂಬಾಗಿಲಿಗೂ ನಡುವೆ ಒಂದು ಮೊಳ ಜಾಗ. ಬೀಗ ತೆಗೆದು ಬಾಗಿಲು ತಳ್ಳಿದ ಮೊದಲ ದಿನ ಒಂದು ಹಿಪ್ಪುನೇರಳೆ ಕೊಂಬೆ ಒಳಗೆ ಬಗ್ಗಿ ನೋಡಿತು. ಚಾಮುಂಡಮ್ಮ ಶುಭಶಕುನ ಎಂದಳು. ಎರಡನೆಯ ದಿನ ಅದಕ್ಕೇ ಸೀರೆಯ ಸೆರಗು ಸಿಕ್ಕಿ ಹರಿಯಿತು. ಆಮೇಲೆ ಶಕುನದ ಮಾತು ಆಡಲಿಲ್ಲ.

ಗುರುಮಲ್ಲಪ್ಪನವರ ಮೇಲೆ ನಮಗೆ ಕೋಪವಿಲ್ಲ. ಕೇಳಲು ಹೋದಾಗ ಅವರು ಸೊಪ್ಪು ಕೊಯ್ಯುತ್ತಿದ್ದ ಕೈ ನಿಲ್ಲಿಸಿ ನಮ್ಮನ್ನೇ ಕೇಳಿದರು: "ಅಲ್ಲಾ ಕಂಡಕ್ಟ್ರೇ, ನನ್ ತ್ವಾಟದ್ ಒಳಗ ರಸ್ತೆ ಅದ ಅಂತ ನಂಗ ಯಾರೂ ಏಳ್ನೇ ಇಲ್ವಲ್ಲಾ? ನಮ್ಮಪ್ಪನ್ ಕಾಲ್ದಿಂದ ಸೊಪ್ಪು ಬೆಳ್ಕಂಡು ರೇಸ್ಮೆ ಉಳ ಮೇಯಿಸ್ಕಂಡು ಇವ್ನಿ. ಎಲ್ಲದ ತೋರ್ಸಿ, ನಾನೂ ಒಸಿ ನಡೀತೀನಿ." ಅವರ ಜಮೀನನ್ನು ಯಾರೂ ಕೊಂಡಿಲ್ಲ, ಕೇಳಿಲ್ಲ, ಅಳೆದೂ ಇಲ್ಲ. ಸ್ಕೇಲು ಇಟ್ಟು ಗೆರೆ ಎಳೆದದ್ದು ಮಾತ್ರ ತಮ್ಮ ಕಚೇರಿ. ಆ ಗೆರೆಯ ಕೆಳಗೆ ಒಬ್ಬ ಮನುಷ್ಯ ಕುಡುಗೋಲು ಹಿಡಿದು ನಿಂತಿದ್ದಾನೆ ಎಂಬುದು ಕಾಗದದಲ್ಲಿ ಕಾಣುವುದಿಲ್ಲ, ನಿಜ.

ನಿವಾಸಿಗಳೆಲ್ಲ ಸೇರಿ ದೂರು ಕೊಟ್ಟೆವು. ಆ ಹೊತ್ತಿಗೆ ಮೈಸೂರು ಜಿಲ್ಲೆ ಒಡೆದು ಎರಡಾಗಿತ್ತು. ಕಡತ ಮೈಸೂರಿನಲ್ಲಿದೆ ಎಂದು ಚಾಮರಾಜನಗರದಲ್ಲಿ ಹೇಳಿದರು, ಚಾಮರಾಜನಗರಕ್ಕೆ ಹೋಗಿದೆ ಎಂದು ಮೈಸೂರಿನಲ್ಲಿ ಹೇಳಿದರು. ನನಗೆ ಬಸ್ಸಿನ ಪಾಸು ಇದ್ದದ್ದರಿಂದ ಓಡಾಡಿದೆ. ಕಡೆಗೂ ಉತ್ತರ ಬಂತು. ಅದರ ಒಂದು ವಾಕ್ಯವನ್ನು ನಮ್ಮ ಸಾಲಿನ ಮಕ್ಕಳೂ ಬಾಯಿಪಾಠ ಮಾಡಿದ್ದಾರೆ: "ಸ್ಥಳ ಪರಿಶೀಲನೆ ಮಾಡಲಾಗಿ, ಸದರಿ ಮನೆಗಳ ಮುಂಭಾಗದಲ್ಲಿ ಮೂವತ್ತು ಅಡಿ ರಸ್ತೆ ಇರುವುದು ನಕ್ಷೆಯಿಂದ ದೃಢಪಟ್ಟಿರುತ್ತದೆ. ನಿವಾಸಿಗಳು ಸದರಿ ರಸ್ತೆಯನ್ನೇ ಉಪಯೋಗಿಸತಕ್ಕದ್ದು." ಸ್ಥಳವನ್ನು ಪರಿಶೀಲಿಸಿದ್ದು ನಕ್ಷೆಯಲ್ಲಿ! ಮಾನ್ಯರೇ, ನಾನೂ ಹೀಗೆ ಕೆಲಸ ಮಾಡಬಹುದಿತ್ತು. ಡಿಪೋದಲ್ಲೇ ಕುಳಿತು, ಬಸ್ಸು ರಾಮಾಪುರ ತಲುಪಿರುವುದು ವೇಳಾಪಟ್ಟಿಯಿಂದ ದೃಢಪಟ್ಟಿರುತ್ತದೆ ಎಂದು ಬರೆದು ಮನೆಗೆ ಹೋಗಬಹುದಿತ್ತು. ರಾಮಾಪುರದವರು ಒಪ್ಪುತ್ತಿರಲಿಲ್ಲ, ಅದೊಂದೇ ತೊಂದರೆ.

ಹೇಳಿದ ಮಾತು ಮೀರಬಾರದೆಂದು ನಾವು ಸದರಿ ರಸ್ತೆಯನ್ನೇ ಉಪಯೋಗಿಸಿದೆವು. ಮನೆಗಳ ಗೋಡೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ನಡುವೆ ಸಂದಿ ಇಲ್ಲ. ಸಾಲಿನ ತುದಿಯಿಂದ ಗೋಡೆಗೆ ಬೆನ್ನು ಕೊಟ್ಟು, ಮುಳ್ಳಿಗೆ ಮುಖ ಕೊಟ್ಟು, ಏಡಿಯ ಹಾಗೆ ಅಡ್ಡಡ್ಡ ಸರಿದು ಅವರವರ ಬಾಗಿಲು ಸೇರಬೇಕು. ತೆಳ್ಳಗಿದ್ದವರು ಸರಿದೆವು. ನೀರಿನ ಕೊಡ ಹೊತ್ತವರು ಕೊಡವನ್ನು ತಲೆಯ ಮೇಲೇರಿಸಿಕೊಂಡು ಸರಿದರು. ಒಬ್ಬರು ಒಳಗಿನಿಂದ ಬರುವಾಗ ಇನ್ನೊಬ್ಬರು ಹೊರಗಿನಿಂದ ಬಂದರೆ ಯಾರಾದರೊಬ್ಬರು ತುದಿಯವರೆಗೆ ರಿವರ್ಸ್ ಹೋಗಬೇಕಾಗಿತ್ತು.

ಹಿಂಬಾಗಿಲು ಹುಟ್ಟಿದ್ದು ಯಾವಾಗ ಎಂದು ತಮ್ಮ ನೋಟಿಸು ಕೇಳಿದೆ. ಹೇಳುತ್ತೇನೆ. ಪಕ್ಕದ ಮನೆಯ ಶಂಕರಮ್ಮನ ಸೊಸೆ ಆಶಾರಾಣಿಗೆ ಹೆರಿಗೆ ನೋವು ಬಂದ ದಿನ. ಹಗಲು ಹೊತ್ತು, ಆಟೋ ತಂದು ಸಾಲಿನ ತುದಿಯಲ್ಲಿ ನಿಲ್ಲಿಸಿದ್ದೆವು. ಆದರೆ ಆ ಹುಡುಗಿ ಅಡ್ಡಡ್ಡ ಸರಿಯುವ ಸ್ಥಿತಿಯಲ್ಲಿ ಇರಲಿಲ್ಲ. ತುಂಬಿದ ಹೊಟ್ಟೆಗೆ ಒಂದು ಮೊಳದ ಜಾಗ ಎಲ್ಲಿ ಸಾಲುತ್ತದೆ? ಮಂಚದ ಮೇಲೆ ಮಲಗಿಸಿ ಹೊರತರೋಣವೆಂದರೆ ಮಂಚ ಬಾಗಿಲಲ್ಲೇ ಬೇಲಿಗೆ ತಾಗಿ ನಿಂತಿತು. ಮುಂದಕ್ಕೂ ಹೋಗದು, ತಿರುಗಲೂ ಆಗದು. ಆಶಾರಾಣಿ ಹಲ್ಲು ಕಚ್ಚಿಕೊಂಡು, "ಅತ್ತೆ, ನನ್ ಕೈಲಾಗಲ್ಲ ಅತ್ತೆ" ಎಂದು ಒಂದೇ ಸಮನೆ ಅಳುತ್ತಿದ್ದಳು. ಶಂಕರಮ್ಮ ಹಾಲ್‌ನಲ್ಲಿ ನಿಂತು ಕಿರುಚಿದಳು: "ನೋಡ್ಕಂಡು ಯಾಕ್ರಪ್ಪಾ ನಿಂತಿದ್ದೀರಿ? ಅಡ್ಗೆಮನೆ ಗ್ವಾಡೆ ಒಡೀರ್ಲಾ! ಸರ್ಕಾರ ಬಂದು ಕೇಳುದ್ರೆ ನಾನೇ ಏಳ್ಕತೀನಿ!" ಹಾರೆ ತಂದವನು ನನ್ನ ಮಗ ಮಾದು, ಮೊದಲ ಏಟು ಹಾಕಿದವನೂ ಅವನೇ. ಗೋಡೆ ಹೆಚ್ಚು ಹೊತ್ತು ತಡೆಯಲಿಲ್ಲ. ಒಳಗೆ ಸಿಮೆಂಟು ಎಷ್ಟಿತ್ತು ಎಂಬ ವಿಷಯವನ್ನು ಈ ಪತ್ರದಲ್ಲಿ ಎತ್ತುವುದಿಲ್ಲ. ಮಂಚ ಹೊರಗೆ ಬಂತು, ಆಟೋ ಕೊಳ್ಳೇಗಾಲದ ಆಸ್ಪತ್ರೆ ಸೇರಿತು, ಸ್ವಲ್ಪ ಹೊತ್ತಿಗೆಲ್ಲ ಹೆಣ್ಣು ಮಗು. ಬಾಗಿಲಿಗೂ ಆ ಮಗುವಿಗೂ ಒಂದೇ ವಯಸ್ಸು. ತಡವಾಗಿದ್ದರೆ ತಾಯಿ ಮಗು ಇಬ್ಬರನ್ನೂ ಕಳೆದುಕೊಳ್ಳುತ್ತಿದ್ದೆವು ಎಂದು ಡಾಕ್ಟರಮ್ಮ ಹೇಳಿದರು. ಆ ಮಾತು ಕೇಳಿ ಬಂದ ಮೇಲೆ ಸಾಲಿನ ಎಲ್ಲರೂ ಅಡುಗೆಮನೆ ಗೋಡೆ ಒಡೆದೆವು. ಒಡೆದ ಜಾಗಕ್ಕೆ ಚೌಕಟ್ಟು, ಬಾಗಿಲು ಇಡಿಸಿದೆವು. ಒಪ್ಪಿಕೊಳ್ಳುತ್ತೇನೆ, ಒಂದು ಅನುಮತಿಯನ್ನೂ ಪಡೆದಿಲ್ಲ.

ಈಗ ನಮ್ಮ ಅಡುಗೆಮನೆ ಹಾಲ್ ಆಗಿದೆ, ಹಾಲ್ ಅಡುಗೆಮನೆಯಾಗಿದೆ. ಹಿಂದೆ ಖಾಲಿ ಜಾಗ, ಅದು ತಮ್ಮ ಕಚೇರಿಯದ್ದೇ. ನಡೆದು ನಡೆದು ಅಲ್ಲೊಂದು ದಾರಿಯಾಗಿದೆ, ನೇರ ಮಧುವನಹಳ್ಳಿ ರಸ್ತೆಗೆ ಕೂಡುತ್ತದೆ. ನೋಟಿಸಿನ ಎರಡನೇ ಆರೋಪ ಇದರ ಬಗ್ಗೆ. ಆ ಜಾಗ ನಕ್ಷೆಯಲ್ಲಿ ಉದ್ಯಾನವನವಂತೆ, ನಾವು ಉದ್ಯಾನವನದಲ್ಲಿ ಅಕ್ರಮವಾಗಿ ನಡೆದಾಡುತ್ತಿದ್ದೇವಂತೆ. ಉದ್ಯಾನವನದಲ್ಲಿ ಸದ್ಯಕ್ಕೆ ಇರುವುದು ಜಾಲಿ, ಪಾರ್ಥೇನಿಯಂ, ಮತ್ತು ಯಾರದ್ದೋ ಒಂದು ಎಮ್ಮೆ. ಎಮ್ಮೆಗೆ ನೋಟಿಸು ಬಂದಿದೆಯೋ ಇಲ್ಲವೋ ವಿಚಾರಿಸಿಲ್ಲ.

ನನ್ನ ಬಸ್ಸಿನಲ್ಲೂ ನಿಯಮವಿದೆ. ಹಿಂದೆ ಹತ್ತಬೇಕು, ಮುಂದೆ ಇಳಿಯಬೇಕು. ಇಷ್ಟು ವರ್ಷ ಅದನ್ನೇ ಕೂಗಿ ಕೂಗಿ ನನ್ನ ಗಂಟಲು ಹೀಗಾಗಿದೆ. ಆದರೆ ಮುಂದಿನ ಬಾಗಿಲು ಚರಂಡಿಯ ಮೇಲೆ ಬಂದು ನಿಂತರೆ, "ಇಂದ್ಕೆ ಬನ್ರವ್ವಾ, ಇಂದ್ಕೆ ಇಳೀರಿ" ಎಂದು ನಾನೇ ಕರೆಯುತ್ತೇನೆ. ಮುದುಕಿಯೊಬ್ಬಳನ್ನು ನಿಯಮದ ಪ್ರಕಾರ ಚರಂಡಿಗೆ ಇಳಿಸಿ ಸೀಟಿ ಊದಿಕೊಂಡು ಹೋಗುವಷ್ಟು ಓದು ನನಗೆ ದಕ್ಕಲಿಲ್ಲ.

ಇನ್ನು ನನ್ನ ಸ್ವಂತ ವಿಷಯ. ಮಾದು ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ರಾಮಾಪುರದ ದೊಡ್ಡಮಾದಪ್ಪನವರ ಮಗಳು ರೂಪಳನ್ನು ಕೇಳಿದ್ದೇವೆ. ದೊಡ್ಡಮಾದಪ್ಪನವರು ಬಹಳ ವರ್ಷದಿಂದ ನನ್ನ ಬಸ್ಸಿನ ಗಿರಾಕಿ, ಚಿಲ್ಲರೆ ಇಲ್ಲದಿದ್ದರೂ ಜಗಳವಾಡದ ಮನುಷ್ಯ. ಹುಡುಗಿ ಒಪ್ಪಿದಳು, ಹುಡುಗ ಒಪ್ಪಿದ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದರು. ನೋಡಬೇಕಾದ್ದೇ, ಹೆಣ್ಣು ಕೊಡುವವರಲ್ಲವೇ? ಅವರು ಹಿಂದಿನಿಂದ ಬಂದು ನೋಟಿಸು ಓದಿದರು. ಒಳಗೆ ಹಾದು ಮುಂಬಾಗಿಲು ತೆಗೆದು ಬೇಲಿ ನೋಡಿದರು. ವಾಪಸು ಬಂದು ನೋಟಿಸನ್ನು ಇನ್ನೊಮ್ಮೆ ಓದಿದರು. ಆಮೇಲೆ ದೊಡ್ಡಮಾದಪ್ಪನವರು ಕೇಳಿದರು: "ಅಲ್ಲಾ ಬಿಳಿಗಿರಣ್ಣ, ತಪ್ ತಿಳ್ಕಬ್ಯಾಡಿ. ನನ್ ಮಗ್ಳು ಸೇರು ಒದ್ದು ಒಳಿಕ್ಕೆ ಬರಾದು ಯಾವ್ ಬಾಗ್ಲಿಂದ? ಚಪ್ರ ಆಕಾದು ಯಾವ್ ಕಡಿಕ್ಕೆ?"

ಮದುವೆಯಾದ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ಹೊಸಲಿನ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತೇವೆ, ಅವಳು ಬಲಗಾಲಿನಿಂದ ಅದನ್ನು ಒಳಕ್ಕೆ ಉರುಳಿಸಿ ಬರಬೇಕು. ತಮ್ಮ ಮನೆಯಲ್ಲೂ ಹೀಗೇ ನಡೆದಿರುತ್ತದೆ. ಮುಂಬಾಗಿಲಿನಲ್ಲಿ ಸೇರು ಇಟ್ಟರೆ ಸೊಸೆ ಮುಳ್ಳುಬೇಲಿಯಿಂದ ಹುಟ್ಟಿ ಬರಬೇಕು. ಹಿಂಬಾಗಿಲಿನಲ್ಲಿ ಇಟ್ಟರೆ ಆ ಹೊಸಲೇ ಅಕ್ರಮ. ಚಪ್ಪರ ಹಾಕಿದರೆ ಉದ್ಯಾನವನದ ಒತ್ತುವರಿ. ದೊಡ್ಡಮಾದಪ್ಪನವರು ಎದ್ದು ನಿಂತು, "ಮೊದ್ಲು ಬಾಗ್ಲು ಇತ್ಯರ್ಥ ಮಾಡ್ಕಳಿ, ಆಮೇಲ್ ದಿನ ಕಟ್ಸವ" ಎಂದು ಹೊರಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನನಗೆ ಹೆಣ್ಣು ಮಗುವಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಾದು ಅಂದು ಊಟ ಮಾಡಲಿಲ್ಲ. ಗೋಡೆಗೆ ಮೊದಲ ಏಟು ಹಾಕಿದವನು ಅವನಲ್ಲವೇ, "ನಾನೇ ಆಳ್ ಮಾಡ್ಕಂಡೆ ಕಣಪ್ಪಾ" ಎಂದ. ಮಾನ್ಯರೇ, ಅಲ್ಲಿಯವರೆಗೆ ಈ ನೋಟಿಸು ನನಗೆ ನಗುವ ವಿಷಯವಾಗಿತ್ತು. ಎರಡು ಜೀವ ಉಳಿಸಿದ ಹುಡುಗ ತಪ್ಪು ಮಾಡಿದೆ ಎಂದು ತಲೆ ತಗ್ಗಿಸಿ ಕೂತದ್ದು ನೋಡಿ ಆ ನಗು ನಿಂತಿತು.

ಮುಂದಿನ ವಾರ ದೊಡ್ಡಮಾದಪ್ಪನವರು ರಾಮಾಪುರದಲ್ಲಿ ಬಸ್ಸು ಹತ್ತಿದರು. ಸೀಟಿದ್ದರೂ ಕೂರಲಿಲ್ಲ, ನನ್ನ ಪಕ್ಕವೇ ಕಂಬಿ ಹಿಡಿದು ನಿಂತರು. "ಉಡ್ಗಿ ಒಂದ್ ಮಾತಂದ್ಳು ಕಣ್ರಿ. 'ಗ್ವಾಡೆ ಒಡ್ದು ಒಂದ್ ಎಣ್ಣಿನ್ ಜೀವ ಉಳ್ಸ್ದವ್ನು ಅವ್ನು. ಅಂಥ ಮನಗ ಯಾವ್ ಬಾಗ್ಲಲ್ಲಾದ್ರೂ ಓಯ್ತೀನಿ ಕಣಪ್ಪೋ' ಅಂತ. ನಾನೇನ್ ಏಳ್ಲಿ?" ಎಂದರು. ನಾನು ಅವರಿಗೆ ಟಿಕೆಟ್ ಹರಿದು ಕೊಟ್ಟೆ, ನೋಡಿದರೆ ಇಬ್ಬರ ಟಿಕೆಟ್ ಹರಿದುಬಿಟ್ಟಿದ್ದೆ. ಹನೂರು ಬರುವಷ್ಟರಲ್ಲಿ ಮದುವೆಯ ದಿನ ಗೊತ್ತುಮಾಡಿದೆವು. ಜೋಯಿಸರು ನೋಡಿಟ್ಟದ್ದು ಅದೊಂದೇ ಮುಹೂರ್ತ.

ತಮ್ಮ ಗಡುವು ಶನಿವಾರ ಮುಗಿಯುತ್ತದೆ. ನನ್ನ ಸೊಸೆ ಭಾನುವಾರ ಬರುತ್ತಾಳೆ.

ಆದ್ದರಿಂದ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ನೋಟಿಸು ವಾಪಸು ಪಡೆಯಿರಿ. ಜನ ನಡೆಯುವ ಜಾಗವನ್ನು ರಸ್ತೆ ಎಂದು ಬರೆಯಿರಿ, ಹಿಪ್ಪುನೇರಳೆ ಬೆಳೆಯುವ ಜಾಗವನ್ನು ಗುರುಮಲ್ಲಪ್ಪನವರಿಗೆ ಬಿಡಿ. ಅದಕ್ಕೆ ಬೇಕಾದದ್ದು ಒಂದು ರಬ್ಬರು, ಒಂದು ಪೆನ್ಸಿಲು. ಎರಡೂ ಕಚೇರಿಯಲ್ಲಿ ಇಲ್ಲದಿದ್ದರೆ ನಮ್ಮ ಸಾಲಿನ ಯಾವ ಶಾಲೆಯ ಹುಡುಗನಾದರೂ ಕೊಡುತ್ತಾನೆ.

ಇದು ಆಗದ ಕೆಲಸವೆಂದು ತಮಗೆ ತೋರಿದರೆ, ಮದುವೆಗೆ ಬನ್ನಿ. ಲಗ್ನಪತ್ರಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲರ ಪತ್ರಿಕೆಯ ಕೆಳಗೂ "ದಯಮಾಡಿ ಹಿಂಬಾಗಿಲ ಕಡೆಯಿಂದ ಬರತಕ್ಕದ್ದು" ಎಂದು ಅಚ್ಚು ಹಾಕಿಸಿದ್ದೇವೆ. ತಮ್ಮ ಪತ್ರಿಕೆಯಲ್ಲಿ ಮಾತ್ರ ಆ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ತಾವು ಮುಂಬಾಗಿಲಿನಿಂದಲೇ ಬರಬೇಕು, ತಮ್ಮ ಮೂವತ್ತು ಅಡಿ ರಸ್ತೆಯಲ್ಲಿ ನಡೆದುಕೊಂಡು. ಬಂದು ನಮ್ಮ ಹೊಸಲು ಮುಟ್ಟಿದರೆ, ಮದುವೆಯ ಬಟ್ಟೆಯಲ್ಲೇ ನಿಂತು ಹಿಂಬಾಗಿಲಿಗೆ ನಾನೇ ಇಟ್ಟಿಗೆ ಕಟ್ಟುತ್ತೇನೆ. ಬರಲಾಗದಿದ್ದರೆ ಸಂಕೋಚ ಬೇಡ. ಸುತ್ತಿಕೊಂಡು ಹಿಂದಿನಿಂದ ಬನ್ನಿ. ಆ ಬಾಗಿಲು ತೆರೆದಿರುತ್ತದೆ, ತಮ್ಮ ಸಿಬ್ಬಂದಿಗೆ ಹಾಕಿದ ಹಾಗೆ ತಮಗೂ ಒಂದು ಎಲೆ ಹಾಕುತ್ತೇವೆ. ಒಳಗೆ ಬರುವಾಗ ಹೊಸಲಿನ ಮೇಲೆ ಸೇರು ಇರುತ್ತದೆ, ಸ್ವಲ್ಪ ನೋಡಿಕೊಂಡು ದಾಟಿ. ಅದು ನಮ್ಮ ರೂಪಳಿಗೆ ಇಟ್ಟಿರುವುದು.

ಇಂತಿ,
ನಕ್ಷೆಯ ಪ್ರಕಾರ ರಸ್ತೆ ಬದಿಯವನೂ ನೆಲದ ಪ್ರಕಾರ ಬೇಲಿ ಬದಿಯವನೂ ಆದ,
ಬಿಳಿಗಿರಿ, ಬಸ್ ಕಂಡಕ್ಟರ್
(ಭಾನುವಾರ ರಜೆ ಹಾಕಿದ್ದಾನೆ, ಮಂಜೂರಾಗಿದೆ)
ಕೊಳ್ಳೇಗಾಲ