ಅಜ್ಜನ ಕ್ಯಾಮೆರಾ, ಹೊಸ ಫ್ಲ್ಯಾಶ್

ಸನ್ಮತಿ,

ದೀಪಾಲಿ ಅತ್ತಿ ದೀಕ್ಷಾದ ರೀಲ್ ತೊಳದು ಬಂತು. ಪೂರಾ ಖಾಲಿ. ಒಂದರಾಗೂ ಅತ್ತಿ ಇಲ್ಲ.

ಹೊಸ ಫ್ಲ್ಯಾಶಿಗಂತ ಕ್ಯಾಮೆರಾದ ಲಿವರ್ ಎಕ್ಸ್ ಮ್ಯಾಲೆ ಇಟ್ಟು ನಿನ್ನ ಕೈಯಾಗ ಕೊಟ್ಟಿದ್ದೆ. ಮುಟ್ಟಬ್ಯಾಡ ಅಂದಿದ್ದೆ. ನೀನು ಎಮ್ ಮ್ಯಾಲೆ ಸರಿಸಿದಿ. ಕೇಳಿದರ "ಅಜ್ಜ ಹಂಗ ಇಡತಿದ್ದ, ಅಕ್ಕಾ" ಅಂತಿ. ಅಜ್ಜನ ಕಾಲಕ್ಕ ಒಂದ ಸಲ ಉರದು ಸುಟ್ಟು ಹೋಗೂ ಬಲ್ಬ್ ಇದ್ವು. ಅವು ಹೊತ್ತಾಕ ತಡಾ ಆಗತಿತ್ತು, ಅದಕ್ಕ ಎಮ್ ಇಟ್ಟರ ಶಟರ್ ಕಾದು ತೆರೀತೈತಿ. ನಿನ್ನ ಹೊಸ ಫ್ಲ್ಯಾಶ್ ಕಾಯೂದಿಲ್ಲ. ಶಟರ್ ತೆರಿಯೂದರಾಗ ಬೆಳಕ ಹೋಗಿಬಿಟ್ಟಿರತೈತಿ. ಬಸದಿ ಕತ್ತಲ್ಯಾಗ ಮಿಂಚಿದ್ದು ನೋಡಿ ಎಲ್ಲಾರೂ ಫೋಟೋ ಬಂತು ಅಂದ್ಕೊಂಡ್ರು.

ಇನ್ನೊಮ್ಮೆ ತಗಿಯೂಣು ಅನಬ್ಯಾಡ. ರೇಶ್ಮಿ ಸೀರಿ, ಬಂಗಾರ, ತುರುಬಿನ ತುಂಬ ಹೂವು, ಎಲ್ಲಾ ಅವತ್ತಿಗೇ ಮುಗೀತು. ಈಗ ತಲ್ಯಾಗ ಕೂದಲಾನೂ ಇಲ್ಲ. ಅವರೀಗ ನಮ್ಮ ಅತ್ತಿ ಅಲ್ಲ, ಮಾತಾಜಿ.

ನಾನು ಅವರ ದರ್ಶನಕ್ಕ ಖಾನಾಪುರಕ್ಕ ಹೊಂಟೀನಿ. ನಮ್ಮ ಹಿಂದವಾಡಿ ಸ್ಟುಡಿಯೋ ಬಾಗಲಾ ನೀ ತಗಿ. ಕ್ಯಾಮೆರಾ ಕಪಾಟಿನ್ಯಾಗ ಐತಿ, ಮುಟ್ಟಿದರ ನೋಡು. ಆಯಿಗೆ ಹೊತ್ತು ಮುಳುಗೂ ಮೊದಲ ಊಟಾ ಕೊಡು. ಡಬ್ಬ್ಯಾಗ ಅವಲಕ್ಕಿ ಐತಿ, ನೀನೂ ತಿನ್ನು. ಈ ಚೀಟಿ ಹರದು ಒಗಿ, ಆಯಿ ಕೈಗೆ ಸಿಗಬಾರದು.

ದೀಕ್ಷಾ ತಗೊಂಡ ಮಗಳ ಫೋಟೋ ಹಾಕಾಕಂತ ಆಯಿ ಊಟದ ಖೋಲಿ ಗ್ವಾಡಿಗೆ ಆಗಲೇ ಮೊಳಿ ಹೊಡಿಸ್ಯಾಳ. ದಿನಾ ನನ್ನ ಕೇಳತಾಳ. ನಾನು ಬರೂದರೊಳಗ ಖರೇ ಏನಾತು ಅಂತ ನೀನ ಹೇಳಿರಬೇಕು.

ಹೇಳಿದ ಮ್ಯಾಲೆ ಆ ಮೊಳಿ ಕೀಳಾಕ ಹೋಗಬ್ಯಾಡ. ದಿನಾ ಅದರ ಮುಂದ ಕುಂತ ಉಣ್ಣು.

ಶರ್ವರಿ