ಮೂವರು ಬಿಡಿಸಿದ ಊರು

ಜೋಡಿಗುಡ್ಡದ ಅಗೆತದ ಬಿಡಾರ
೨೪೧೨, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ

ಹಿಂದಿನವರೇ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಅರ್ಧ ಸುಟ್ಟ ಕವನ ಸಂಕಲನಗಳಿಂದ. ವಿರಹಕ್ಕೆ ಬೇಕಾದಷ್ಟು ಪದಗಳಿವೆ, ಸಲಿಕೆಯ ಹಿಡಿ ಮುರಿದರೆ ಹೇಳಲು ಒಂದೂ ಇಲ್ಲ. ಹಿಂದಕ್ಕೆ ಹೋಗುವ ಅಂಚೆ ಇನ್ನೂ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ.

ನಮಗೆ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಬೆಳಿಗ್ಗೆ ಹತ್ತರವರೆಗೆ ಮಾತ್ರ ಅಗೆಯಬಹುದು. ಪ್ರತಿಯೊಬ್ಬರಿಗೂ ದಿನಕ್ಕೆ ಅರ್ಧ ಗಂಟೆ ವಿದ್ಯುತ್ ಸಿಗುತ್ತದೆ. ಅದನ್ನು ಬೆಳಕುಪಾಲು ಎನ್ನುತ್ತೇವೆ. ಉಳಿದವರು ಅದರಲ್ಲಿ ಫ್ಯಾನು ತಿರುಗಿಸಿಕೊಳ್ಳುತ್ತಾರೆ. ನಾನು ತೆರೆ ಓದುತ್ತೇನೆ. ಅಂದರೆ, ನಿಮ್ಮ ಯಂತ್ರಗಳಲ್ಲಿ ಉಳಿದದ್ದನ್ನು ನೋಡಿ, ಎಲ್ಲಿ ಅಗೆಯಬೇಕೆಂದು ಹೇಳುತ್ತೇನೆ. ನನಗಿಂತ ಮೊದಲು ಇದು ನಮ್ಮ ಸೋದರತ್ತೆಯ ಕೆಲಸವಾಗಿತ್ತು. ನಮಗೆ ಸಿಕ್ಕಿದ್ದು ಒಂದೇ ದಾಖಲೆ. ಹೆಗಲಿಗೆ ಹಗ್ಗ ಸುತ್ತಿಕೊಂಡ ಒಬ್ಬ ಪುರಾತತ್ವಜ್ಞ, ನೆಲದಡಿ ಮರೆಯಾದ ಇಂದುಪುರವನ್ನು ಹುಡುಕುತ್ತಾನೆ. ಅವನ ನಕ್ಷೆಯಲ್ಲಿ ಜೋಡಿಗುಡ್ಡವಿದೆ, ಅದರ ಬುಡದಲ್ಲಿ ಬಾಗುವ ಹೊಳೆಯಿದೆ. ನಮ್ಮಲ್ಲೂ ಅವೆರಡು ಇದ್ದವು. ಅಷ್ಟು ಸಾಕಾಯಿತು. ಹದಿನಾಲ್ಕು ವರ್ಷ ಅಗೆದೆವು.

ತೆರೆಯ ಮೇಲೆ ಆ ಮನುಷ್ಯ ಆಗಾಗ ಸಾಯುತ್ತಿದ್ದ, ಮತ್ತೆ ಎದ್ದು ಅದೇ ಬಾಗಿಲ ಮುಂದೆ ನಿಲ್ಲುತ್ತಿದ್ದ. ಗುದ್ದಲಿ ಹಿಡಿಯುವ ತಿಪ್ಪಣ್ಣ ದಿನಾ ನನ್ನನ್ನು ಕೇಳುತ್ತಿದ್ದ: "ಇಂಪಕ್ಕಾರ, ನಿನ್ನೆ ಎಷ್ಟು ಸಲ ಸತ್ತಾನ್ರಿ ನಿಮ್ಮ ಯಜಮಾನ?" ಆರು ಸಲ ಎಂದರೆ, "ನಮ್ಮಪ್ಪ ಒಂದ ಸಲಕ್ಕ ಸುಸ್ತಾದ ನೋಡ್ರಿ" ಎನ್ನುತ್ತಿದ್ದ. ನಿಮ್ಮ ಬಳಿ ಅಂಥ ಔಷಧವಿತ್ತೆಂದು ನಾವು ನಂಬಿದ್ದೆವು. ನಗಬೇಡಿ.

ಇಂದುಪುರದ ಮೇಲೆ ಕವಿದಿದೆ ಎಂದುಕೊಂಡಿದ್ದ ಪದರ ನಿಮ್ಮ ಕಾಲದ ಊರು. ಹುಡುಕುವ ಊರಿನ ಮೇಲಿರುವುದೆಲ್ಲ ಮೇಲ್ಮಣ್ಣು ಎಂಬುದು ನಮ್ಮ ಕಟ್ಟಳೆ. ಗೋಡೆಗಳು ಗಾರೆ ಅರೆಯುವ ಗಾಣಕ್ಕೆ, ಲೋಹ ಕುಲುಮೆಗೆ. ನಿಮ್ಮ ಮೂರು ಓಣಿಗಳು ಹಾಗೆ ಹೋದವು. ಕುಕ್ಕರು, ಹೊಲಿಗೆಯಂತ್ರ, ಕಿಟಕಿಯ ಸರಳು, ರಾಶಿರಾಶಿ ಸ್ಟೀಲು. ನಾನೇ ತೂಕ ಬರೆದುಕೊಂಡು ಕಳಿಸಿದೆ. ನಾಲ್ಕನೆಯ ಓಣಿಯನ್ನು ಮೊನ್ನೆ ಬೆಳಿಗ್ಗೆ ಒಡೆಯುವುದಿತ್ತು.

ಅದರ ಹಿಂದಿನ ದಿನ, ಅತ್ತೆಯ ಕೈಗೂ ತೆರೆಯದಿದ್ದ, ತೆರೆಯ ಮೇಲಿನ ಆ ಕೊನೆಯ ಬಾಗಿಲು ನನ್ನ ಕೈಗೆ ತೆರೆಯಿತು. ಇಂದುಪುರ ಕಂಡಿತು, ಬೆಳ್ಳಿಯ ಗೋಪುರ, ಕೊಳ, ಯಾರೂ ಇಲ್ಲದ ಬೀದಿ. ಒಂದು ನಿಮಿಷವೂ ನಿಲ್ಲಲಿಲ್ಲ. ಆಮೇಲೆ ಕಪ್ಪು ತೆರೆಯ ಮೇಲೆ ಹೆಸರುಗಳು ಏರತೊಡಗಿದವು. ಕಥೆ ಕಟ್ಟಿದವರು. ಸಂಗೀತ ಕೊಟ್ಟವರು. ಇಂದುಪುರವನ್ನು ಬಿಡಿಸಿದವರು, ಮೂವರು. ಕೊನೆಗೆ ಒಂದು ಪ್ರಶ್ನೆ: ಮತ್ತೆ ಆಡುವಿರಾ?

ಅಗೆತದ ಹಿರಿಯರು ಗಿರಿಯವ್ವ. ಎಪ್ಪತ್ತೊಂದು ವರ್ಷ. ಇಂದುಪುರ ಸಿಗುವವರೆಗೆ ಬಿಡಾರ ಬಿಡುವುದಿಲ್ಲವೆಂದು ಮಗಳ ಮದುವೆಗೂ ಹೋಗದವರು. ಹೇಳಿದರೆ ಅವರ ಹದಿನಾಲ್ಕು ವರ್ಷ ಹೋಗುತ್ತದೆ, ಹೇಳದಿದ್ದರೆ ನಿಮ್ಮ ಓಣಿ. ಮಧ್ಯಾಹ್ನ ಅಂಬಲಿಗೆ ಕುಳಿತಾಗ ಹೇಳಿದೆ.

"ಅದು ಆಟ ಅಂತ್ರಿ, ಅವ್ವಾರ. ಆ ಊರನ್ನ ಕುಂತು ಬಿಡಿಸ್ಯಾರ."

"ಎಷ್ಟು ಮಂದಿ?"

"ಮೂರು ಮಂದಿ."

ಅವರು ಅಂಬಲಿ ಪೂರ್ತಿ ಕುಡಿದರು. "ನಾವು ನಲವತ್ತು ಮಂದಿ ಇದ್ವಲ್ಲವಾ," ಎಂದರು. "ಒಬ್ಬರಿಗರ ಹೊಳೀಬಾರದಾ?"

ಮರುದಿನ ಗಾಣಕ್ಕೆ ಎತ್ತು ಕಟ್ಟಲಿಲ್ಲ. ಗಿರಿಯವ್ವ ನಾಲ್ಕನೆಯ ಓಣಿಯ ಮೊದಲ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬರಿಗೈಯಲ್ಲಿ ಮಣ್ಣು ಬಿಡಿಸುತ್ತಿದ್ದರು. ಒಂದು ಸ್ಟೀಲ್ ಡಬರಿ ಸಿಕ್ಕಿತು. ಸೆರಗಿನಿಂದ ಒರೆಸಿದಾಗ ಅಂಚಿನಲ್ಲಿ ಚುಕ್ಕಿಚುಕ್ಕಿಯ ಅಕ್ಷರಗಳು ಕಂಡವು. ನಾನು ಓದಿದೆ: ಸೌ. ಅಂಬುಜಾ ದೇವೇಂದ್ರಪ್ಪ, ಗೃಹಪ್ರವೇಶದ ನೆನಪಿಗೆ.

"ಯಾರವಾ ಈಕಿ?" ಎಂದು ಗಿರಿಯವ್ವ ಕೇಳಿದರು. ಮೂರು ಓಣಿಗಳ ಹೆಸರುಗಳು ಕರಗಿ ತಿಪ್ಪಣ್ಣನ ಕೈಯ ಗುದ್ದಲಿಯಾಗಿದ್ದವು.

ಆ ಮೂವರ ಮೇಲೆ ನನಗೆ ಕೋಪವಿಲ್ಲ. ಅವರು ಹೆಸರು ಹೇಳಿಯೇ ಹೋಗಿದ್ದರು. ನಾವು ಕೊನೆಯವರೆಗೆ ಓದಿರಲಿಲ್ಲ. ನಿಮ್ಮಲ್ಲಿ ಒಂದೇ ಬೇಡಿಕೆ. ಪಾತ್ರೆಗಳ ಮೇಲೆ ಹೆಸರು ಕೊರೆಸುವುದನ್ನು ಬಿಡಬೇಡಿ. ಜಾಗವಿದ್ದರೆ ಊರಿನ ಹೆಸರನ್ನೂ ಸೇರಿಸಿ. ಅಂಬುಜಾ ಯಾವ ಊರಿನವರೆಂದು ಗಿರಿಯವ್ವ ಮತ್ತೆ ಮತ್ತೆ ಕೇಳುತ್ತಾರೆ. ನಾವು ಅದೇ ಊರಿನ ನಡುವೆ ಕುಳಿತಿದ್ದೇವೆ, ಅದಕ್ಕೇನೆನ್ನುತ್ತಾರೋ ನಮಗೆ ಗೊತ್ತಿಲ್ಲ.

ದಣಿದಿದ್ದೇನೆ.

ತೆರೆ ಓದುವ,
ಇಂಪನಾ