ಭಿಕ್ಷುವನ್ನು ಬೀಳ್ಕೊಟ್ಟ ಮಾತು

ಅಕ್ಟೋಬರ್ ೧೧, ಗ್ವಾಜೌ

ನಿದ್ದೆ ಬರುತ್ತಿಲ್ಲ. ನನ್ನ ಮಾತು ಸಿನಿಮಾದಲ್ಲಿ ಉಳಿಯುತ್ತದಂತೆ!

ಬುದ್ಧನ ಗ್ರಂಥಗಳಿಗಾಗಿ ನಮ್ಮ ಚೀನಾದಿಂದ ಭಾರತಕ್ಕೆ ನಡೆದುಹೋದ ಭಿಕ್ಷುವಿನ ಕಥೆ ಅದು. ಮರುಭೂಮಿಗೆ ಕಾಲಿಡುವ ಮುನ್ನ ಅವರ ಸೋರೆಬುರುಡೆಗೆ ನೀರು ತುಂಬುವ ಹುಡುಗಿ ನಾನು. ಮಾತಿಲ್ಲದ ಪಾತ್ರವೆಂದೇ ಒಪ್ಪಿಕೊಂಡಿದ್ದೆ. ನೀರು ತುಂಬಿದೆ, ಅವರು ಹೊರಟರು. ನಮ್ಮಲ್ಲಿ ಹೊಸಿಲು ದಾಟುವ ಎಲ್ಲರಿಗೂ ಹೇಳುವುದು ಬಾಯಿಂದ ಬಂದೇಬಿಟ್ಟಿತು: "ನಿಧಾನಕ್ಕೆ ಹೋಗಿ, ಗುರುಗಳೇ."

ಚಿತ್ರೀಕರಣ ನಿಂತಿತು. ಊರಿನ ನಮ್ಮನ್ನೆಲ್ಲ ನಟಿಸಲು ಕರೆದೊಯ್ದಿದ್ದ ಕೌ ಚಿಕ್ಕಪ್ಪ ರೇಗಿದರು. "ಮನೇಲಿ ಕರೆದ್ರೂ ಓ ಅನ್ನಲ್ಲ, ಇಲ್ಲಿ ಬಾಯಿ ಬಿಡ್ತೀಯಲ್ಲೇ! ಭಾರತಕ್ಕೆ ನಡೆಯೋನಿಗೆ ನಿಧಾನ ಬೇರೆ ಕೇಡು!"

ಎಲ್ಲರೂ ನಕ್ಕರು. ನಿರ್ದೇಶಕಿ ಮಾತ್ರ ನಗಲಿಲ್ಲ. ನನ್ನ ಮಾತಿಗೆ ಭಿಕ್ಷುವಿನ ವೇಷದ ನಟ ತಿರುಗಿ ಕೈಮುಗಿದಿದ್ದರು. ಅದನ್ನೇ ಪರದೆಯಲ್ಲಿ ಮತ್ತೆ ಮತ್ತೆ ನೋಡಿ, "ಇದು ಇರ್ಲಿ. ಈಗ ನಿಜವಾಗ್ಲೂ ಊರು ಬಿಟ್ಟ ಹಾಗಾಯ್ತು" ಅಂದರು.

ನನ್ನ ಓದು ಪ್ರಾಥಮಿಕ ಶಾಲೆಗೇ ಮುಗಿಯಿತು. ಬರೆದ ಕಥೆಗಳೆಲ್ಲ, ಒಂದು ಒಂಟೆಯ ಕಥೆಯೂ ಸೇರಿ, ಹಾಸಿಗೆಯಡಿ ಇವೆ, ಒಂದನ್ನೂ ಯಾರಿಗೂ ಓದಿ ಹೇಳಿಲ್ಲ.

ಸಂಜೆ ಮನೆಗೆ ಬಿಟ್ಟ ಮೇಲೂ ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು. "ಏನೇ, ನಂಗೆ ಹೇಳಲ್ವಾ?"

"ನಿಧಾನಕ್ಕೆ ಹೋಗಿ, ಚಿಕ್ಕಪ್ಪ" ಅಂದೆ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ! ನಾಳೆ ಅವರು ಬಂದರೆ ಒಂದು ಕಥೆಯನ್ನೂ, ಒಂಟೆಯದೇ ಆದರೂ ಸರಿ, ಓದಿ ಹೇಳುತ್ತೇನೆ.